ಪಾಯಿಂಟ್ ಹೊಡೆಯದ ಆಟಗಾರನ ಹೆಸರೂ ಅಚ್ಚಾಗಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕ್ರೀಡಾ ಪುಟದ ಬಗ್ಗೆ ಒಂದು ಬೇಡಿಕೆ ಇದೆ. ಅದನ್ನು ಹೇಳಲು ಅಮೆರಿಕದ ಒಂದು ಆಟದವರೆಗೆ ಹೋಗಿ ಬರಬೇಕು, ಹಾಗಾಗಿ ಪತ್ರ ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಬೇಡ, ಆದರೆ ನೀವು ಪೂರ್ತಿ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಇರುವುದು ಅಡಿಕೆ ತೋಟ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ, ಹೊಸನಗರ, ಸಾಗರ, ಕೊಪ್ಪದ ಕಡೆ ಲೈಟ್ ಹಾಕಿ ರಾತ್ರಿಯಿಡೀ ನಡೆಯುವ ವಾಲಿಬಾಲ್, ಕಬಡ್ಡಿ ಟೂರ್ನಮೆಂಟ್‌ಗಳಲ್ಲಿ ಸ್ಕೋರ್ ಬರೆಯಲು ಕೂರುತ್ತೇನೆ. ಆಡುವ ವಯಸ್ಸು ದಾಟಿದ ಮೇಲೆ ಹಿಡಿದ ಕೆಲಸ ಇದು. ಪ್ರೇಕ್ಷಕರು ಚೆಂಡನ್ನು ನೋಡುತ್ತಾರೆ. ಹಾಳೆ ಹಿಡಿದು ಕೂತವನು ಪ್ರತಿಯೊಬ್ಬ ಆಟಗಾರನನ್ನೂ ನೋಡಲೇಬೇಕು. ಹಾಗೆ ನೋಡಿ ನೋಡಿ ನನಗೆ ಪಾಯಿಂಟ್ ಹೊಡೆಯುವವನಿಗಿಂತ, ಆ ಪಾಯಿಂಟ್‌ಗೆ ದಾರಿ ಮಾಡಿಕೊಟ್ಟವನ ಮೇಲೆ ಪ್ರೀತಿ ಜಾಸ್ತಿ ಆಯಿತು.

ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅವನಿಂದಾಗಿ ಅಲ್ಲಿನ ಫುಟ್‌ಬಾಲ್ ನೋಡುವ ಅಭ್ಯಾಸ ನನಗೂ ಹತ್ತಿತು. ಫೆಬ್ರವರಿಯಲ್ಲಿ ಅವರ ಫೈನಲ್, ಸೂಪರ್ ಬೌಲ್ ಅಂತಾರೆ. ಅಲ್ಲಿ ಭಾನುವಾರ ಸಂಜೆ ಅಂದರೆ ನಮಗೆ ಸೋಮವಾರ ಬೆಳಗಿನ ಜಾವ 5 ಗಂಟೆ. ಮರುದಿನ ನಮ್ಮ ಕನ್ನಡ ಪತ್ರಿಕೆಗಳಲ್ಲೂ ಸುದ್ದಿ ಬರುತ್ತದೆ. ಗೆದ್ದ ತಂಡ ಯಾವುದು, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಫೋಟೊ, ಮಧ್ಯಂತರದಲ್ಲಿ ಹಾಡಿದ್ದು ಯಾರು, ಅಷ್ಟೇ. ನನಗೆ ಎಲ್ಲರಿಗಿಂತ ಹಿಡಿಸಿದ ಆಟಗಾರ ಆ ಸುದ್ದಿಯಲ್ಲಿ ಇರುವುದೇ ಇಲ್ಲ. ಅವನೇ ಪಂಟರ್.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಫುಟ್‌ಬಾಲ್ ಬೇರೆ, ಇದು ಬೇರೆ. ಮೈದಾನ 100 ಗಜ ಉದ್ದ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ ಇರುತ್ತದೆ, ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಮೂರು ಸಲ ನುಗ್ಗಿಯೂ 10 ಗಜ ಆಗಲಿಲ್ಲ ಅನ್ನಿ. ನಾಲ್ಕನೆಯದರಲ್ಲೂ ನುಗ್ಗಿ ಸೋತರೆ ಚೆಂಡು ಆ ಜಾಗದಲ್ಲೇ ಎದುರಾಳಿ ಕೈಗೆ ಹೋಗುತ್ತದೆ. ಅದು ತಮ್ಮ ಗೆರೆಗೆ ಹತ್ತಿರ ಇದ್ದರೆ ಅಪಾಯ. ಆಗ ಪಂಟರ್‌ನನ್ನು ಕರೆಯುತ್ತಾರೆ. ಅವನು ಚೆಂಡನ್ನು ಕೈಯಿಂದ ಬಿಟ್ಟು, ಅದು ನೆಲ ಮುಟ್ಟುವ ಮೊದಲೇ ಒದ್ದು ದೂರ ಕಳಿಸುತ್ತಾನೆ, ಅದಕ್ಕೆ ಪಂಟ್ ಅಂತಾರೆ. ಎದುರಾಳಿ ಅಷ್ಟು ದೂರದಿಂದ ಮತ್ತೆ ಶುರು ಮಾಡಬೇಕು.

ತಮ್ಮವರು ಸೋತ ಹೊತ್ತಿನಲ್ಲೇ ಅವನ ಕೆಲಸ ಶುರುವಾಗುವುದು. ಅವನು ಬಂದ ಅಂದರೆ ತಂಡದ ಅಭಿಮಾನಿಗಳಿಗೆ ಬೇಜಾರು. ಎಷ್ಟೋ ಜನ ಆ ಹೊತ್ತಿಗೆ ಎದ್ದು ತಿಂಡಿ ತರಲು ಹೋಗುತ್ತಾರೆ.

ಆದರೆ ಆ ಕೆಲಸ ಎಷ್ಟು ಕಷ್ಟ ನೋಡಿ. ಪಂಟರ್ ಆಟದ ಗೆರೆಯಿಂದ ಸುಮಾರು 15 ಗಜ ಹಿಂದೆ ನಿಂತಿರುತ್ತಾನೆ. ಲಾಂಗ್ ಸ್ನ್ಯಾಪರ್ ಅಂತ ಒಬ್ಬ ಮುಂದೆ ಬಗ್ಗಿ ನಿಂತು, ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಅವನ ಕೈಯಿಂದ ಚೆಂಡು ಹೊರಟು ಪಂಟರ್‌ನ ಕಾಲಿಗೆ ತಾಗುವವರೆಗೆ ಇರುವ ಸಮಯ ಸುಮಾರು 2 ಸೆಕೆಂಡ್. ಅಷ್ಟರಲ್ಲಿ ಅವನು ಚೆಂಡು ಹಿಡಿಯಬೇಕು, ಹೊಲಿಗೆ ಎತ್ತ ಇದೆ ನೋಡಿ ಕೈಯಲ್ಲೇ ತಿರುಗಿಸಿಕೊಳ್ಳಬೇಕು, ಎರಡು ಹೆಜ್ಜೆ ಇಟ್ಟು, ಚೆಂಡನ್ನು ಓರೆಯಾಗದಂತೆ ಕೆಳಗೆ ಬಿಟ್ಟು ಒದೆಯಬೇಕು, ಅದೂ ನೂರು ಕೆಜಿಗಿಂತ ಜಾಸ್ತಿ ತೂಕದ ಗಂಡಸರು ಒದೆತ ತಡೆಯಲು ಎದುರಿನಿಂದ ನುಗ್ಗಿ ಬರುತ್ತಿರುವಾಗ. ಆ ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪು. ಕೈ ಬಿಡುವಾಗ ಒಂದು ಬೆರಳಿನಷ್ಟು ವಾಲಿದರೂ ಚೆಂಡು ಎಲ್ಲೋ ಹೋಗುತ್ತದೆ.

ಸುಮ್ನೆ ದೂರ ಒದ್ದರೂ ಸಾಲದು. ದೂರ ಹೋಗಿ ತಗ್ಗಿನಲ್ಲಿ ಹಾರಿದರೆ ಎದುರಾಳಿ ಅದನ್ನು ಹಿಡಿದು, ಸುತ್ತ ಯಾರೂ ಇಲ್ಲದೆ ವಾಪಸ್ ಓಡಿ ಬರುತ್ತಾನೆ. ಅದಕ್ಕೇ ಚೆಂಡು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಅಂತ ಲೆಕ್ಕ ಹಾಕುತ್ತಾರೆ. 4.5 ಸೆಕೆಂಡ್ ಇದ್ದರೆ ಒಳ್ಳೆಯದು, 5 ಆದರೆ ಬಹಳ ಒಳ್ಳೆಯದು. ಅಷ್ಟು ಹೊತ್ತಿನಲ್ಲಿ ತಮ್ಮವರು ಓಡಿ ಹೋಗಿ ಆ ಹಿಡಿಯುವವನನ್ನು ಮುತ್ತಿಕೊಳ್ಳಬಹುದು. 1980ರ ದಶಕದಲ್ಲಿ ಮಯಾಮಿ ತಂಡದಲ್ಲಿದ್ದ ರೆಜಿ ರೋಬಿ ಅನ್ನುವ ಪಂಟರ್ ಕೈಗೆ ವಾಚ್ ಕಟ್ಟಿಕೊಂಡೇ ಮೈದಾನಕ್ಕೆ ಇಳಿಯುತ್ತಿದ್ದರು, ತಮ್ಮ ಒದೆತ ಎಷ್ಟು ಹೊತ್ತು ಮೇಲಿತ್ತು ಅಂತ ತಾವೇ ನೋಡಿಕೊಳ್ಳಲು. ತನ್ನ ಕೆಲಸದ ಲೆಕ್ಕವನ್ನು ತಾನೇ ಇಟ್ಟುಕೊಂಡ ಮನುಷ್ಯ ಅವರು, ನನಗೆ ಅವರನ್ನು ಕಂಡರೆ ತುಂಬ ಗೌರವ.

ಇನ್ನೊಂದು ಕಷ್ಟ ಇದೆ. ಜಾಸ್ತಿ ಜೋರಾಗಿ ಒದ್ದು ಚೆಂಡು ಎದುರಾಳಿಯ ಕೊನೆ ಗೆರೆ ದಾಟಿದರೆ, ಅವರಿಗೆ ಅದು ಆ ಗೆರೆಯಿಂದ 20 ಗಜ ಮುಂದೆ ಸಿಗುತ್ತದೆ. ಅದರ ಬದಲು 5 ಗಜದ ಹತ್ತಿರ ಬಿದ್ದು ಅಲ್ಲೇ ನಿಂತರೆ ಅಥವಾ ಪಕ್ಕದ ಗೆರೆಯಿಂದ ಆಚೆ ಹೋದರೆ ಎದುರಾಳಿ ಮೂಲೆಗೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಒಳ್ಳೆಯ ಪಂಟರ್ ಕೆಲವು ಸಲ ಬೇಕೆಂತಲೇ ಕಡಿಮೆ ಒದೆಯುತ್ತಾನೆ. ಇಲ್ಲೇ ಲೆಕ್ಕದ ಮಾತು ಬರುವುದು. ಬರೀ ಸರಾಸರಿ ದೂರ ಬರೆದರೆ, ಹೀಗೆ ಬುದ್ಧಿ ಉಪಯೋಗಿಸಿದವನ ಸರಾಸರಿ ಕಮ್ಮಿ ಆಗಿ, ಅವನೇ ಕೆಟ್ಟ ಆಟಗಾರ ಅನ್ನಿಸಿಕೊಳ್ಳುತ್ತಾನೆ ಅಲ್ವಾ? ಇದನ್ನು ಅವರು ಅರ್ಥ ಮಾಡಿಕೊಂಡರು. 1976ರಿಂದ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ, 20 ಗಜದ ಒಳಗೆ ನಿಲ್ಲಿಸಿದ ಒದೆತ ಎಷ್ಟು ಅಂತ ಬೇರೆಯಾಗಿ ಬರೆಯತೊಡಗಿದರು. ಎದುರಾಳಿ ವಾಪಸ್ ಓಡಿದ ದೂರವನ್ನು ಕಳೆದು ನಿಜವಾಗಿ ಉಳಿದದ್ದು ಎಷ್ಟು ಅಂತಲೂ ಬರೆಯುತ್ತಾರೆ. ಕೆಲಸಕ್ಕೆ ತಕ್ಕ ಅಳತೆ ಬಂತು.

ರೇ ಗೈ ಅವರ ಕಥೆ ಕೇಳಿದರೆ ಇದು ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. 1973ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡ ಅವರನ್ನು ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲ ಸುತ್ತಿನಲ್ಲೇ, 23ನೆಯವರಾಗಿ ಆರಿಸಿಕೊಂಡಿತು. ಪಂಟ್ ಮಾಡುವುದಕ್ಕೆ ಅಂತಲೇ ಒಬ್ಬನನ್ನು ಮೊದಲ ಸುತ್ತಿನಲ್ಲಿ ತೆಗೆದುಕೊಂಡಿದ್ದು ಅದೇ ಮೊದಲು. 14 ಸೀಸನ್ ಆಡಿದರು, ಸತತ 207 ಪಂದ್ಯ. 1,049 ಪಂಟ್‌ಗಳಲ್ಲಿ ಎದುರಾಳಿ ತಡೆದದ್ದು 3 ಮಾತ್ರ. ಮೂರು ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು. 1976ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ, ಛಾವಣಿಯಿಂದ ಮೈದಾನದ ಮೇಲೆ ಇಳಿಬಿಟ್ಟಿದ್ದ ದೊಡ್ಡ ಟಿವಿ ಪರದೆಗೆ ಅವರ ಒದೆತ ಹೋಗಿ ಬಡಿಯಿತು. ಅಷ್ಟು ಎತ್ತರಕ್ಕೆ ಚೆಂಡು ಹೋಗಬಹುದು ಅಂತ ಆ ಪರದೆ ಕಟ್ಟಿದವರು ಲೆಕ್ಕ ಹಾಕಿರಲಿಲ್ಲ ಅನ್ನಿಸುತ್ತದೆ.

ಇಷ್ಟೆಲ್ಲ ಇದ್ದರೂ ಅವರ ಮೊದಲ ಮೂರು ಸೀಸನ್‌ಗಳಲ್ಲಿ 20 ಗಜದ ಒಳಗೆ ಬಿದ್ದ ಒದೆತಗಳ ಲೆಕ್ಕ ಇಲ್ಲ. ಯಾಕೆಂದರೆ ಆಗ ಯಾರೂ ಬರೆಯುತ್ತಿರಲಿಲ್ಲ. ಆಮೇಲಿನದು ಇದೆ, 200ಕ್ಕಿಂತ ಜಾಸ್ತಿ. ಆ ಮೂರು ವರ್ಷದ್ದು ಹೋಯಿತು, ಇನ್ನು ಸಿಗುವುದಿಲ್ಲ. ಸ್ಕೋರ್ ಬರೆಯುವವನಾಗಿ ಇದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಒಬ್ಬ ಮನುಷ್ಯನ ಮೂರು ವರ್ಷದ ಕೆಲಸದ ಒಂದು ಭಾಗ, ಹಾಳೆಯಲ್ಲಿ ಒಂದು ಕಾಲಂ ಇರಲಿಲ್ಲ ಅನ್ನುವ ಕಾರಣಕ್ಕೆ ಇಲ್ಲವಾಯಿತು. ಅವರು ನಿವೃತ್ತಿ ಆದದ್ದು 1986ರ ಸೀಸನ್ ಮುಗಿದ ಮೇಲೆ. ಓಹಾಯೊದ ಕ್ಯಾಂಟನ್‌ನಲ್ಲಿರುವ, ಶ್ರೇಷ್ಠ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2014ರಲ್ಲಿ. ನಡುವೆ ಎಷ್ಟೋ ಸಲ ಅವರ ಹೆಸರು ಕೊನೆಯ ಸುತ್ತಿನವರೆಗೆ ಬಂದು ಬಿದ್ದುಹೋಗಿತ್ತು. ಪಂಟ್ ಮಾಡುವುದೊಂದೇ ಕೆಲಸವಾಗಿದ್ದವರಲ್ಲಿ ಅಲ್ಲಿಗೆ ಹೋದ ಮೊದಲಿಗರು ಅವರೇ. 2022ರಲ್ಲಿ ತೀರಿಕೊಂಡರು. ಬದುಕಿರುವಾಗಲೇ ಆ ಗೌರವ ಸಿಕ್ಕಿತಲ್ಲ ಅನ್ನುವುದೊಂದೇ ಸಮಾಧಾನ.

ಈ ಕೆಲಸ ಎಷ್ಟು ಅಭದ್ರ ಅಂದರೆ, ಇಡೀ ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡ, ತಂಡಕ್ಕೆ ಒಬ್ಬನೇ ಪಂಟರ್. ಅಂದರೆ ಅಷ್ಟು ದೊಡ್ಡ ದೇಶಕ್ಕೆ 32 ಕೆಲಸ. ಎಷ್ಟೋ ಒಳ್ಳೆಯ ಪಂಟರ್‌ಗಳನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿಯೇ ಇರುವುದಿಲ್ಲ. ಈಗೀಗ ಆಸ್ಟ್ರೇಲಿಯಾದಿಂದಲೂ ಹುಡುಗರು ಬರುತ್ತಿದ್ದಾರೆ, ಅಲ್ಲಿನ ಫುಟ್‌ಬಾಲ್‌ನಲ್ಲಿ ಓಡುತ್ತಲೇ ಒದ್ದು ಕಲಿತವರು. 1990ರ ದಶಕದಲ್ಲಿ ಡ್ಯಾರೆನ್ ಬೆನೆಟ್ ದಾರಿ ತೋರಿಸಿದರು, 2018ರಲ್ಲಿ ಮೈಕಲ್ ಡಿಕ್ಸನ್ ಸಿಯಾಟಲ್‌ಗೆ ಬಂದು ಮೊದಲ ವರ್ಷವೇ ಹೆಸರು ಮಾಡಿದರು. ಪೈಪೋಟಿ ಜಾಸ್ತಿ ಆಗಿದೆ.

ಪಂಟರ್‌ಗೆ ಇನ್ನೊಂದು ಕೆಲಸವೂ ಇರುತ್ತದೆ, ಅದಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಬಗಳ ನಡುವೆ ಚೆಂಡು ಒದ್ದು ಪಾಯಿಂಟ್ ತರುವವನು ಬೇರೆ ಇರುತ್ತಾನೆ, ಕಿಕರ್ ಅಂತ. ಅವನು ಒದೆಯುವಾಗ ಮಂಡಿಯೂರಿ ಕೂತು, ಹಿಂದಕ್ಕೆ ಬಂದ ಚೆಂಡು ಹಿಡಿದು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿಕೊಡುವವನು ಸಾಮಾನ್ಯವಾಗಿ ಪಂಟರ್. ಇದಕ್ಕೆ ಎಷ್ಟು ಬೆಲೆ ಅಂತ 2023ರ ಡಿಸೆಂಬರ್‌ನಲ್ಲಿ ಟೆನೆಸ್ಸೀ ಟೈಟನ್ಸ್ ತಂಡಕ್ಕೆ ಗೊತ್ತಾಯಿತು. ಅವರ ಪಂಟರ್ ರಯಾನ್ ಸ್ಟೋನ್‌ಹೌಸ್. ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳದ ಹುಡುಗ. ಆದರೆ 2022ರಲ್ಲಿ, ತಮ್ಮ ಮೊದಲ ಸೀಸನ್‌ನಲ್ಲೇ, 53.1 ಗಜ ಸರಾಸರಿಯಲ್ಲಿ ಒದ್ದು, 1940ರಲ್ಲಿ ಸ್ಯಾಮಿ ಬಾ ಬರೆದಿದ್ದ 51.4 ಗಜದ ದಾಖಲೆ ಮುರಿದವರು. ಮರುವರ್ಷ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ ಅವರ ಎರಡು ಪಂಟ್‌ಗಳನ್ನು ಎದುರಾಳಿ ತಡೆದರು. ಎರಡನೆಯದರಲ್ಲಿ ಅವರ ಮಂಡಿಗೆ ದೊಡ್ಡ ಪೆಟ್ಟಾಯಿತು. ಮುಂದೆ ನಿಂತು ಅವರನ್ನು ಕಾಯಬೇಕಾದವರು ಕಾಯಲಿಲ್ಲ, ಪೆಟ್ಟು ತಿಂದಿದ್ದು ಇವರು. ಆಮೇಲೆ ಚೆಂಡು ನಿಲ್ಲಿಸಿಕೊಡಲು ಬೇರೆಯವರು ಬಂದರು. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿದ್ದು, ಆದ ಮೇಲೆ ಒದ್ದು ತರುವ ಒಂದು ಪಾಯಿಂಟ್ ಇರುತ್ತದಲ್ಲ, ಅದನ್ನು ವರ್ಷಗಳ ಅನುಭವ ಇರುವ ಕಿಕರ್ ನಿಕ್ ಫೋಕ್ ತಪ್ಪಿಸಿದರು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ, 31–28ರಲ್ಲಿ ಸೋತರು. ತಂಡ ಮರುದಿನವೇ ಒದೆತದ ವಿಭಾಗ ನೋಡಿಕೊಳ್ಳುವ ಕೋಚ್‌ನನ್ನು ತೆಗೆದುಹಾಕಿತು. ಇದ್ದಾಗ ಲೆಕ್ಕಕ್ಕೆ ಬರದ ಕೆಲಸ, ಅವರು ಇಲ್ಲದ ಒಂದು ದಿನ ಪಂದ್ಯವನ್ನೇ ತಿಂದುಹಾಕಿತು.

ಇನ್ನು ತಪ್ಪಿನ ವಿಷಯ. ಸಾವಿರ ಸಲ ಸರಿಯಾಗಿ ಒದ್ದವನ ಹೆಸರು ಯಾರಿಗೂ ಗೊತ್ತಿಲ್ಲ, ಒಂದು ಸಲ ತಪ್ಪಿದವನ ಹೆಸರು, ತಾರೀಖು ಎಲ್ಲರಿಗೂ ಗೊತ್ತು. 1986ರ ಜನವರಿಯಲ್ಲಿ ಶಿಕಾಗೊದ ಚಳಿ ಗಾಳಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಶಾನ್ ಲಂಡೆಟಾ ಒದೆಯಲು ಹೋದಾಗ ಗಾಳಿಗೆ ಚೆಂಡು ಅಲ್ಲಾಡಿ ಕಾಲಿಗೆ ಸರಿಯಾಗಿ ಸಿಗಲೇ ಇಲ್ಲ. ಎದುರಾಳಿ ಅದನ್ನೆತ್ತಿಕೊಂಡು 5 ಗಜ ಓಡಿ ಟಚ್‌ಡೌನ್ ಮಾಡಿದ. ದೇಶವೇ ನೋಡಿತು. ಆದರೆ ತಂಡ ಅವರನ್ನು ಬಿಡಲಿಲ್ಲ. ಮುಂದಿನ ವರ್ಷವೇ ಅದೇ ತಂಡ ಸೂಪರ್ ಬೌಲ್ ಗೆದ್ದಾಗ ಪಂಟರ್ ಅವರೇ, 2005ರವರೆಗೂ ಎನ್‌ಎಫ್‌ಎಲ್‌ನಲ್ಲಿ ಆಡಿದರು.

ಅದೇ ಜೈಂಟ್ಸ್‌ನಲ್ಲಿ 2010ರ ಡಿಸೆಂಬರ್ 19ರಂದು ಮ್ಯಾಟ್ ಡಾಡ್ಜ್ ಅನ್ನುವ ಹೊಸ ಹುಡುಗ ಇದ್ದ. ಸ್ಕೋರ್ 31–31. ಉಳಿದಿದ್ದು 14 ಸೆಕೆಂಡ್. ಚೆಂಡನ್ನು ಪಕ್ಕದ ಗೆರೆಯಾಚೆ ಒದಿ ಅಂತ ಹೇಳಿದ್ದರು. ಹಿಂದಕ್ಕೆ ಬಂದ ಚೆಂಡು ಎತ್ತರವಾಗಿ ಬಂತು, ಅವನು ಕೈ ಚಾಚಿ ಹಿಡಿದು ಅವಸರದಲ್ಲಿ ಒದ್ದ, ಅದು ನೇರ ಎದುರಾಳಿ ತಂಡದ ಡಿಶಾನ್ ಜಾಕ್ಸನ್ ಹತ್ತಿರ ಹೋಯಿತು. ಜಾಕ್ಸನ್ ಮೊದಲು ಚೆಂಡನ್ನು ಕೈಯಿಂದ ಬೀಳಿಸಿ, ಮತ್ತೆ ಎತ್ತಿಕೊಂಡು 65 ಗಜ ಓಡಿ ಫಿಲಡೆಲ್ಫಿಯಾವನ್ನು ಗೆಲ್ಲಿಸಿದರು. ಅಷ್ಟು ಜನರ ಮುಂದೆ, ಮೈದಾನದಲ್ಲೇ, ಕೋಚ್ ಆ ಹುಡುಗನನ್ನು ಬೈದರು. ಟಿವಿಯಲ್ಲಿ ಇಡೀ ದೇಶ ನೋಡಿತು. ಅದಕ್ಕೂ ಮೊದಲು 21 ಪಾಯಿಂಟ್ ಮುನ್ನಡೆಯನ್ನು ಕೊನೆಯ ಎಂಟು ನಿಮಿಷಗಳಲ್ಲಿ ಕಳೆದುಕೊಂಡವರು ಉಳಿದವರು. ಅದನ್ನು ಯಾರೂ ಕೇಳಲಿಲ್ಲ. ಮುಂದಿನ ಸೀಸನ್ ಶುರುವಾಗುವ ಹೊತ್ತಿಗೆ ಡಾಡ್ಜ್‌ನನ್ನು ಕೈಬಿಟ್ಟಿದ್ದರು. ಅವನು ಮತ್ತೆ ಎನ್‌ಎಫ್‌ಎಲ್‌ನ ಒಂದು ಸೀಸನ್ ಪಂದ್ಯವನ್ನೂ ಆಡಲಿಲ್ಲ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ, ಇವತ್ತಿಗೂ.

ಆ ಹುಡುಗ ಯಾರ ಜಾಗಕ್ಕೆ ಬಂದಿದ್ದ ಅಂತ ಹೇಳಲೇಬೇಕು. ಜೆಫ್ ಫೀಗಲ್ಸ್. 1988ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಬಂದವರು, 22 ಸೀಸನ್ ಆಡಿದರು. ಸತತ 352 ಪಂದ್ಯ, ಒಂದೂ ತಪ್ಪಿಸಲಿಲ್ಲ. 1,713 ಪಂಟ್, ಇದು ದಾಖಲೆ. ಅವರ ಶಕ್ತಿ ಬರೀ ದೂರ ಒದೆಯುವುದರಲ್ಲಿ ಇರಲಿಲ್ಲ, ಚೆಂಡನ್ನು ಮೂಲೆಗೆ ಇಡುವುದರಲ್ಲಿ ಇತ್ತು. 2008ರ ಫೆಬ್ರವರಿಯಲ್ಲಿ, 41ನೇ ವಯಸ್ಸಿನಲ್ಲಿ, ಮೊದಲ ಸಲ ಸೂಪರ್ ಬೌಲ್ ಗೆದ್ದರು. ಅಷ್ಟರವರೆಗೆ ಒಂದೂ ಪಂದ್ಯ ಸೋಲದೆ ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು ಜೈಂಟ್ಸ್ 17–14ರಲ್ಲಿ ಸೋಲಿಸಿದ ಪಂದ್ಯ ಅದು. ಆ ಗೆಲುವಿನ ಸುದ್ದಿ ಜಗತ್ತೆಲ್ಲ ಬಂತು. ಅದರಲ್ಲಿ ಫೀಗಲ್ಸ್ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ಈಗ ನಮ್ಮ ಕಡೆಗೆ ಬರುತ್ತೇನೆ.

ವಾಲಿಬಾಲ್‌ನಲ್ಲಿ ಪಾಸರ್ ಇರುತ್ತಾನೆ, ಅಟ್ಯಾಕರ್‌ಗೆ ಚೆಂಡು ಎತ್ತಿಕೊಡುವವನು. ನಮ್ಮ ಊರುಗಳ ಟೂರ್ನಮೆಂಟ್ ನಡೆಸುವ ಯುವಕ ಸಂಘದವರು ಈ ವಿಷಯದಲ್ಲಿ ತುಂಬ ಚೆನ್ನಾಗಿದ್ದಾರೆ. ಬೆಸ್ಟ್ ಅಟ್ಯಾಕರ್ ಜೊತೆಗೆ ಬೆಸ್ಟ್ ಪಾಸರ್ ಅಂತಲೂ ಟ್ರೋಫಿ ಕೊಡುತ್ತಾರೆ. ಮೊದಲ ಚೆಂಡು ಕೆಟ್ಟದಾಗಿ ಬಂದರೂ ಕೋರ್ಟ್ ಆಚೆ ಓಡಿ, ಬಿದ್ದು, ಹೊಡೆಯುವವನಿಗೆ ಬೇಕಾದಷ್ಟೇ ಎತ್ತರಕ್ಕೆ ಎತ್ತಿಕೊಡುವ ಹುಡುಗರನ್ನು ನಾನು ನೋಡಿದ್ದೇನೆ. ಊರಿನವರಿಗೆ ಅವರ ಬೆಲೆ ಗೊತ್ತು. ಆದರೆ ಮರುದಿನದ ಪತ್ರಿಕೆಯಲ್ಲಿ ಏನು ಬರುತ್ತದೆ? ಇಂಥ ಊರಿನ ತಂಡಕ್ಕೆ ಪ್ರಥಮ, ಇಂಥ ಊರಿಗೆ ದ್ವಿತೀಯ. ಆಮೇಲೆ ವೇದಿಕೆಯಲ್ಲಿ ಯಾರ್‍ಯಾರು ಉಪಸ್ಥಿತರಿದ್ದರು ಅಂತ ಉದ್ದದ ಪಟ್ಟಿ. ಆಡಿದ ಒಬ್ಬ ಹುಡುಗನ ಹೆಸರೂ ಇರುವುದಿಲ್ಲ. ಅಟ್ಯಾಕರ್‌ದೂ ಇಲ್ಲ, ಪಾಸರ್‌ದಂತೂ ಇಲ್ಲವೇ ಇಲ್ಲ.

ಗಣ್ಯರ ಹೆಸರು ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಅವರು ದುಡ್ಡು ಕೊಡುತ್ತಾರೆ, ಟೂರ್ನಮೆಂಟ್ ನಡೆಯಬೇಕಲ್ಲ. ಆದರೆ ರಾತ್ರಿ ಮೂರು ಗಂಟೆಯವರೆಗೆ ಮಂಜಿನಲ್ಲಿ ಆಡಿದವರಿಗೆ ಎರಡು ಸಾಲು ಜಾಗ ಕೊಡಿ. ನಮ್ಮ ತೋಟದಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಲಿನ ದಿನ ಮರ ಹತ್ತುವವನನ್ನು ಎಲ್ಲರೂ ತಲೆ ಎತ್ತಿ ನೋಡುತ್ತಾರೆ, ಕೆಳಗೆ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುವವನನ್ನು ನೋಡುವವರು ಕಮ್ಮಿ, ಆದರೂ ಸಂಜೆ ಕೂಲಿ ಪುಸ್ತಕದಲ್ಲಿ ಇಬ್ಬರ ಹೆಸರನ್ನೂ ಬರೆಯುತ್ತೇವೆ. ಪತ್ರಿಕೆಯಲ್ಲೂ ಅಷ್ಟು ಆದರೆ ಸಾಕು.

ಇದು ಆಗದ ಕೆಲಸ ಅಲ್ಲ. ಕಬಡ್ಡಿಯನ್ನೇ ನೋಡಿ. ಮೊದಲು ರೈಡರ್‌ಗಳ ಹೆಸರು ಮಾತ್ರ ಜನರ ಬಾಯಲ್ಲಿ ಇರುತ್ತಿತ್ತು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಟ್ಯಾಕಲ್ ಪಾಯಿಂಟ್ ಬೇರೆಯಾಗಿ ಟಿವಿ ಪರದೆ ಮೇಲೆ ಬರತೊಡಗಿತು. ರೈಡರ್‌ಗೆ ಸೂಪರ್ 10 ಇದ್ದ ಹಾಗೆ ಹಿಡಿಯುವವನಿಗೆ ಹೈ 5 ಅಂತ ಬಂತು. ಈಗ ಶಾಲೆ ಮಕ್ಕಳು ಕೂಡ ನಾನು ಕಾರ್ನರ್ ಆಡ್ತೇನೆ, ಆಂಕಲ್ ಹೋಲ್ಡ್ ಹಾಕ್ತೇನೆ ಅಂತ ಹೇಳುವುದನ್ನು ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ ನಾನೇ ಕೇಳಿದ್ದೇನೆ. ಆದರೂ ಚೈನ್ ಕಟ್ಟಿ ಹಿಡಿದಾಗ ಪಕ್ಕದಲ್ಲಿ ಕೈ ಕೊಟ್ಟವನಿಗೆ ಇನ್ನೂ ಲೆಕ್ಕ ಇಲ್ಲ. ಅದನ್ನು ನನ್ನ ಹಾಳೆಯ ಅಂಚಿನಲ್ಲಿ ನಾನೇ ಬರೆದುಕೊಳ್ಳುತ್ತೇನೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ತಾಲ್ಲೂಕು, ಹೋಬಳಿ ಮಟ್ಟದ ಪಂದ್ಯದ ಸುದ್ದಿ ಹಾಕುವಾಗ ಗೆದ್ದ ತಂಡದ ಎಲ್ಲ ಆಟಗಾರರ ಹೆಸರು ಹಾಕಿ. ವಾಲಿಬಾಲ್ ಆದರೆ ಅಟ್ಯಾಕರ್ ಜೊತೆಗೆ ಪಾಸರ್‌ನ ಹೆಸರು, ಕಬಡ್ಡಿ ಆದರೆ ರೈಡ್ ಪಾಯಿಂಟ್ ಜೊತೆಗೆ ಟ್ಯಾಕಲ್ ಪಾಯಿಂಟ್. ಹೆಣ್ಣು ಮಕ್ಕಳ ಪಂದ್ಯಕ್ಕೂ ಹಾಗೆಯೇ ಮಾಡಿ, ಅವರ ಸುದ್ದಿಯಂತೂ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಮುಂದಿನ ಫೆಬ್ರವರಿಯಲ್ಲಿ ಸೂಪರ್ ಬೌಲ್ ಸುದ್ದಿ ಹಾಕಿದರೆ ಎರಡೂ ಕಡೆಯ ಪಂಟರ್ ಯಾರು, ಎಷ್ಟು ಸಲ ಎದುರಾಳಿಯನ್ನು 20 ಗಜದ ಒಳಗೆ ನಿಲ್ಲಿಸಿದರು ಅಂತ ಒಂದು ಸಾಲು ಸೇರಿಸಿ. ಆ ಅಂಕಿ ಪಂದ್ಯ ಮುಗಿದ ಕೂಡಲೇ ಸಿಗುತ್ತದೆ.

ವರದಿಗಾರರಿಗೆ ರಾತ್ರಿಯಿಡೀ ಮೈದಾನದಲ್ಲಿ ಇರಲು ಆಗುವುದಿಲ್ಲ ಅಂತ ಗೊತ್ತು. ಅವರು ಇರಬೇಕಾಗಿಲ್ಲ. ಪ್ರತಿ ಟೂರ್ನಮೆಂಟ್‌ನಲ್ಲೂ ನನ್ನ ಹಾಗೆ ಯಾರಾದರೂ ಒಬ್ಬರು ಹಾಳೆ ಹಿಡಿದು ಕೂತಿರುತ್ತಾರೆ. ಫೈನಲ್ ಮುಗಿದ ಕೂಡಲೇ ಹಾಳೆಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ, ಹೆಸರುಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು. ಆ ದಿನದ ಪುಟ ಅಷ್ಟು ಹೊತ್ತಿಗೆ ಮುಗಿದಿದ್ದರೆ ಮಾರನೇ ದಿನ ಹಾಕಿ, ತೊಂದರೆ ಇಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಪಂದ್ಯ ಶುರುವಾಗುತ್ತದೆ. ಅಷ್ಟರೊಳಗೆ ಯಾವ ನಂಬರ್‌ಗೆ ಕಳಿಸಬೇಕು ಅಂತ ನಿಮ್ಮ ಜಿಲ್ಲಾ ಪುಟದಲ್ಲಿ ಪ್ರಕಟಿಸಿ.

ಇಂತಿ,
ಒಬ್ಬ ಸ್ಕೋರರ್
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ